ಒಂದು ಹದ್ದು ಹೆಚ್ಚು

ಹದ್ದೆಣಿಕೆ ಕಚೇರಿಯ ಮೇಲ್ವಿಚಾರಕರಿಗೆ,

ಸರ್, ನಿನ್ನೆ ಗುಡ್ಡದಿಂದ ಕಳಿಸಿದ ವಲಸೆ ಹದ್ದುಗಳ ಲೆಕ್ಕದಲ್ಲಿ ಒಂದು ಹೆಚ್ಚಾಗಿದೆ. ದಯವಿಟ್ಟು ಕಳೆದುಬಿಡಿ. ತಿದ್ದುಪಡಿಗೆ ಕಾರಣ ಬೇಕೇ ಬೇಕೆಂದು ನೀವು ಹಟ ಹಿಡಿಯುತ್ತೀರಿ, ಅದಕ್ಕೆ ಬರೆಯುತ್ತಿದ್ದೇನೆ.

ಹಕ್ಕಿ ಗುಡ್ಡದ ನೆತ್ತಿ ದಾಟಿದಾಗ ದುರ್ಬೀನು ಹಿಡಿದ ಜೊತೆಗಾರ "ಹೋಯ್ತು" ಅನ್ನುತ್ತಾನೆ. ನಾನು ಎಣಿಸುವ ಯಂತ್ರದ ಗುಂಡಿ ಒತ್ತುತ್ತೇನೆ. "ಸುತ್ತುತ್ತಾ ಇರೋದನ್ನ ಎಣಿಸ್ಬೇಡ ಮಗಳೇ, ಅದು ಇನ್ನೂ ನಮ್ಮದೇ" ಎಂದು ಕಲಿಸಿದವರು ಇದೇ ಕೆಲಸದಲ್ಲಿ ತಲೆ ನರೆಸಿಕೊಂಡ ನನ್ನ ಅಪ್ಪ. ಆಸ್ಪತ್ರೆಯಲ್ಲಿ ವಾರವಿಡೀ ಅವರ ಜೀವವೂ ಹಾಗೇ ಸುತ್ತುತ್ತಿತ್ತು. ಆ ಧೈರ್ಯದ ಮೇಲೆ ನಿನ್ನೆ ಗುಡ್ಡ ಹತ್ತಿದೆ.

ಮಧ್ಯಾಹ್ನ ಜೊತೆಗಾರ ಊಟಕ್ಕೆ ಇಳಿದಿದ್ದ. ಆಕಾಶ ಖಾಲಿಯಿತ್ತು. ಅಕ್ಕನ ಫೋನ್ ಬಂತು. "ಹೋಯ್ತು ಕಣೇ, ಅಪ್ಪನ ಜೀವ ಹೋಯ್ತು" ಅಂದಳು. ನನ್ನ ಹೆಬ್ಬೆರಳು ಗುಂಡಿ ಒತ್ತಿಬಿಟ್ಟಿತು.

ನಾಡಿದ್ದಿನಿಂದ ಕೆಲಸಕ್ಕೆ ಬರುತ್ತೇನೆ. ಗಾಳಿ ತಿರುಗಿದೆ, ಹದ್ದುಗಳು ನಮಗಾಗಿ ಕಾಯುವುದಿಲ್ಲ. ಅಪ್ಪನ ಮಡಚುವ ಕುರ್ಚಿ ಗುಡ್ಡದ ಮೇಲೇ ಇದೆ, ಯಾರೂ ಕೆಳಗೆ ತರದಿರಲಿ.

ಆ ಒಂದನ್ನು ನಾನೇ ಅಳಿಸಿ ಕಳಿಸಬಹುದಿತ್ತು, ಸರ್. ಕೈ ಬರಲಿಲ್ಲ.

ನಿಮ್ಮ ಗುಡ್ಡದ ಎಣಿಕೆಯವಳು