ಜಕ್ಕಪ್ಪನಿಗೆ ನೀರು ಬೇಡವೆಂದದ್ದು

೭ ಏಪ್ರಿಲ್ ೧೯೯೧, ರವಿವಾರ

ಶಾಲೆಯ ಚಾವಣಿಗೆ ಹಣ ಕೂಡಿಸಲು ಮುಂದಿನ ವಾರ ನಾವು ಎಂಟು ಹುಡುಗರು ಅಂಕಲಿಯಿಂದ ಚಿಕ್ಕೋಡಿಯವರೆಗೆ ಓಡಬೇಕು. ಎಂಟನೆಯಲ್ಲೇ ಶಾಲೆ ಬಿಟ್ಟ ನಾನು ಎಲ್ಲರಿಗೂ ಓಟ ಕಲಿಸುವವನು! ಇಂದು ಬಿಸಿಲಲ್ಲಿ ಓಡುವಾಗ ಗೆಳೆಯ ಜಕ್ಕಪ್ಪ ನೀರು ಕುಡಿಯಲು ಬೋರಿಂಗಿನ ಹತ್ತಿರ ನಿಂತ. "ಕುಡೀಬ್ಯಾಡಲೇ, ಹೊಟ್ಟಿ ಹಿಡೀತೈತಿ" ಎಂದು ಅವನನ್ನು ಎಳೆದುಕೊಂಡು ಹೋದೆ. ಕಬ್ಬಿನ ಹೊಲದ ತಿರುವಿನಲ್ಲಿ ಬಿದ್ದುಬಿಟ್ಟ. ಕಣ್ಣು ತೆರೆದೇ ಇತ್ತು. "ಯಾರಪಾ ನೀ?" ಎಂದ. ಕೃಷ್ಣೆಯಲ್ಲಿ ನನ್ನ ಜೊತೆಗೇ ಈಜು ಕಲಿತವನು ಹಾಗೆ ಕೇಳಿದ.

ಎತ್ತಿನ ಚಕ್ಕಡಿಯಲ್ಲಿ ಅವನನ್ನು ಅವನ ಮನೆಗೆ ತಂದೆ. ಡಾಕ್ಟರು ಸಲೈನ್ ಹಚ್ಚಿದ ಮೇಲೆ ನನ್ನ ಹೆಸರು ಹಿಡಿದು ಕರೆದ. ಅವನ ತಾಯಿ ಹೊಳೆವ್ವ, "ನೀ ಇದ್ದಿ ಅಂತ ಉಳದಾನಪಾ" ಎಂದು ನನ್ನ ಕೈ ಹಿಡಿದುಕೊಂಡಳು. ತಡೆಯಲಾಗಲಿಲ್ಲ.

"ನೀರ ಬ್ಯಾಡಂದಾಂವ ನಾನಬೇ ಎವ್ವಾ."

ಕೈ ಬಿಟ್ಟಳು. "ನಲವತ್ತ ಕುರಿ ಕಾಯ್ತೀನಿ. ಬಿಸಿಲಾಗ ನೀರ ಕುಡಸದ ಒಂದನ್ನೂ ಮುಂದ ಹೊಡದಿಲ್ಲ. ನಿನಗ ಇದನ್ನ ಯಾರ ಕಲಿಸಿದ್ರಲೇ?"

ಯಾರೂ ಕಲಿಸಿರಲಿಲ್ಲ. ಎಲ್ಲೋ ಕೇಳಿದ್ದನ್ನು ತಿಳಿದವನಂತೆ ಹೇಳಿದ್ದೆ. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿತ್ತು, ಅಷ್ಟೇ. ಅಷ್ಟಕ್ಕೇ ಒಬ್ಬನ ಜೀವ ಹೋಗುತ್ತಿತ್ತು. ನಾಳೆ ಉಳಿದ ಆರು ಹುಡುಗರ ಮುಂದೆ ನಿಂತು ಇದನ್ನೇ ಹೇಳಬೇಕು, ನನಗೆ ಓಟದ ಬಗ್ಗೆ ಏನೂ ಗೊತ್ತಿರಲಿಲ್ಲ, ಆದರೂ ನಾನು ತಿಳಿದವನಂತೆ ಕಲಿಸಿದೆ ಎಂದು.