ಓರಿನ್‌ಗೆ ಮಾಡಿದ ಕಾರ್ಡು

ವರ್ಲಿನ್,

ಡ್ಯೂಟಿಗೆ ಹೊರಟೆ. ನೆಟ್ಟಿ ತನ್ನ ಕ್ಲಾಸಿನ ಮಕ್ಕಳಿಗೆಲ್ಲ ಮಾಡಿದ ವ್ಯಾಲೆಂಟೈನ್ ಕಾರ್ಡುಗಳು ಮೇಜಿನ ಮೇಲಿವೆ. ಅಂಟು ಇನ್ನೂ ಹಸಿ, ಪೇರಿಸಬೇಡ. ಒಂದೊಂದಕ್ಕೂ ಲಾಲಿಪಾಪ್ ಅಂಟಿಸು, ನೀನು ಬಾಯಿಗೆ ಹಾಕ್ಕೋಬೇಡ.

ಟೀಚರ್ ಕೊಟ್ಟ ಪಟ್ಟಿಯಲ್ಲಿ ಒಂದು ಹೆಸರೂ ಬಿಡುವ ಹಾಗಿಲ್ಲ. ಆದರೂ ಪಕ್ಕದ ಮನೆ ಓರಿನ್ ಕಾರ್ಡು ಮಾತ್ರ ಕಾಣಲಿಲ್ಲ. ನಿನ್ನೆ ಕೇಳಿದರೆ, "ಅವರ ಸಹವಾಸ ಬೇಡ ಅಂತ ಅಪ್ಪಾನೇ ಹೇಳಿದ್ದಲ್ವಾ?" ಅಂದಳು. ಯಾರ ಬಾಗಿಲಿಗೆ ಯಾರು ಹಿಮ ತಳ್ಳಿದರು ಅನ್ನೋ ಜಗಳ ನಿನಗೂ ಓರಿನ್ ಅಪ್ಪನಿಗೂ. ಮಕ್ಕಳನ್ನು ಯಾಕೆ ಎಳೆದೆ?

ಈಗ ಅವಳ ಬ್ಯಾಗಿಗೆ ಊಟದ ಡಬ್ಬಿ ಇಡುವಾಗ ಓರಿನ್ ಕಾರ್ಡು ಸಿಕ್ಕಿತು, ಪುಸ್ತಕದೊಳಗೆ. ಎಲ್ಲಕ್ಕಿಂತ ದೊಡ್ಡ ಹೃದಯ ಅದೇ. ಹಿಂದುಗಡೆ ಪೆನ್ಸಿಲ್ಲಲ್ಲಿ ಬರೆದಿದ್ದಾಳೆ: "ನಮ್ಮಪ್ಪಂಗೆ ಹೇಳ್ಬೇಡ."

ಅಲ್ಲೇ ಇಟ್ಟಿದ್ದೇನೆ. ಅದಕ್ಕೂ ಒಂದು ಲಾಲಿಪಾಪ್ ಬೇಕು. ನೀನೇ ಅಂಟಿಸು.

ಲೋರ್ನಾ