ಹಾರ್ಲನ್ ತುಂಬಿಟ್ಟ ನಾನೂರು ತೋಟೆಗಳು

ಚಾಡ್ರನ್, ನೆಬ್ರಾಸ್ಕ
ಏಪ್ರಿಲ್ 9

ಪ್ರೀತಿಯ ಲೋರ್ನಾ,

ನಿಮ್ಮಪ್ಪ ಹಾರ್ಲನ್‌ನ ಕಾರ್ಬೈನ್ ಕೋವಿಗೆ ಒಗ್ಗುವ ಸಿಡಿಮದ್ದು ಹುಡುಕಲು ತಗುಲಿದ್ದು ಮೂರು ಡಬ್ಬಿ ಮದ್ದು, ತಾಮ್ರ ಲೇಪಿಸಿದ ಸಾವಿರ ಗುಂಡು, ಆರು ಶನಿವಾರ. ಮೊದಲ ಮದ್ದು ಸಪ್ಪೆ. ಖಾಲಿ ತೋಟೆ ಹೊರಬೀಳದೆ ಕೋವಿಯೊಳಗೇ ಸಿಕ್ಕಿಕೊಳ್ಳುತ್ತಿತ್ತು. ಎರಡನೆಯದರ ಬಿರುಸಿಗೆ ಗುಂಡಿನ ತಾಮ್ರವೇ ಸುಲಿದುಹೋಯಿತು. ಮೂರನೆಯದು ಕೂಡಿಬಂದಾಗ ಹಾರ್ಲನ್ ಕಾರ್ಬೈನನ್ನು ತಟ್ಟಿ, "ಒಪ್ಪಿದಳು ಕಣೋ ಮರ್ಲ್, ನಿನ್ನ ಮೂತಿ ನೋಡಿಯೂ ಒಪ್ಪಿದಳು!" ಎಂದ.

ಅವನು ಸಾಯುವ ಮೊದಲು ತುಂಬಿಟ್ಟ ನಾನೂರು ತೋಟೆಗಳನ್ನು ಅವನ ನೆನಪಿಗೆ ಹಾರಿಸುತ್ತೇನೆಂದು ಬರೆದಿದ್ದೀಯ. ಬೇಡಮ್ಮ. ಒಬ್ಬರು ತುಂಬಿದ್ದನ್ನು ಇನ್ನೊಬ್ಬರು ಹಾರಿಸಬಾರದೆಂಬುದು ಮನೆಯಲ್ಲೇ ತೋಟೆ ತುಂಬುವ ನಮ್ಮಂಥವರ ಕಟ್ಟಳೆ. ಇಲ್ಲಿ ಅದಕ್ಕಿಂತ ದೊಡ್ಡ ಕಾರಣವಿದೆ.

ನವೆಂಬರಿನಲ್ಲಿ ಅವನು ಉಳಿದ ಮದ್ದನ್ನು ತಂದು ನನ್ನ ಕೈಗಿಟ್ಟ. "ಯಾವುದೋ ತೋಟೆಗೆ ಎರಡೆರಡು ಸಲ ಮದ್ದು ಹಾಕಿದೀನಿ. ಯಾವುದಕ್ಕೆ ಅಂತ ನೆನಪಿಲ್ಲ. ಈಚೆಗೆ ಏನೂ ನೆನಪಿರಲ್ಲ ಮಾರಾಯ. ಹಿಮ ಕರಗಲಿ, ಕೂತು ಬಿಚ್ಚೋಣ. ಲೋರ್ನಾಗೆ ಹೇಳ್ಬೇಡ, ಅಳ್ತಾಳೆ" ಎಂದ.

ನಿನ್ನ ಮದುವೆ ಹಿಡಿಸದೆ ಅವನು ನಿನ್ನೊಡನೆ ಗುರಿ ಹೊಡೆಯಲು ಬರುವುದನ್ನು ಬಿಟ್ಟನೆಂದು ತಿಳಿದು ನೀನು ಅವನೊಡನೆ ಮಾತು ಬಿಟ್ಟೆ. ಹಾಗಲ್ಲ. ತನ್ನ ಕೈಯ ತೋಟೆ ನಿನ್ನ ಮುಖದ ಬಳಿ ಸಿಡಿದೀತೆಂದು ಹೆದರಿದ್ದ. ಹೇಳಬೇಕಾಗಿದ್ದವನು ನಾನು. ಹೇಳಲಿಲ್ಲ.

ಶನಿವಾರ ಬರುತ್ತೇನೆ. ಅಡುಗೆಮನೆ ಮೇಜನ್ನು ಖಾಲಿ ಮಾಡಿಡು, ಒಲೆ ಹಚ್ಚಬೇಡ. ನಾನೂರನ್ನೂ ಒಂದೊಂದಾಗಿ ಬಿಚ್ಚೋಣ.

ಕೊನೆಗೆ ಯಾರಿಗೆ ಏನು ದಕ್ಕಿತೆಂದರೆ, ನನಗೆ ಅರ್ಧ ಡಬ್ಬಿ ಮದ್ದು, ನಿನಗೆ ನಿನ್ನ ಎರಡು ಕಣ್ಣು, ಅವನಿಗೆ ಮಗಳು ಮಾತು ಬಿಟ್ಟ ಕೊನೆಯ ಚಳಿಗಾಲ.

ಮರ್ಲ್ ಟಟಲ್